ಡಿಫ್ಯೂಷನ್, ಆಸ್ಮಾಸಿಸ್ ಮಕ್ಕಳ ತಲೆಗೆ ಹತ್ತುವ ಹಾಗೆ ಹೇಳಿಕೊಡುವುದು ಹೇಗೆ?

ಕೇಳಿದವರು, ಚಿಂತಾಮಣಿ: ಮಗಳು ಹತ್ತನೇ ತರಗತಿವರೆಗೆ ಕನ್ನಡ ಮಾಧ್ಯಮ, ಈಗ ಮೊದಲ ಪಿಯುಸಿ ಸೈನ್ಸ್. ಡಿಫ್ಯೂಷನ್ (ಕಣಗಳು ಹೆಚ್ಚಿರುವಲ್ಲಿಂದ ಕಡಿಮೆ ಇರುವಲ್ಲಿಗೆ ತಾವೇ ಹರಡುವುದು), ಆಸ್ಮಾಸಿಸ್ (ಸಕ್ಕರೆ, ಲವಣ ಹೆಚ್ಚಿರುವ ಕಡೆಗೆ ನೀರು ಪೊರೆ ದಾಟಿ ಹೋಗುವುದು), ಆಕ್ಟಿವ್ ಟ್ರಾನ್ಸ್‌ಪೋರ್ಟ್ (ಕೋಶ ಶಕ್ತಿ ಖರ್ಚು ಮಾಡಿ ಪೊರೆ ದಾಟಿಸುವುದು) ಮೂರನ್ನೂ ಬಾಯಿಪಾಠ ಮಾಡಿದ್ದಾಳೆ. ಪ್ರಶ್ನೆ ಸ್ವಲ್ಪ ತಿರುಗಿಸಿ ಕೇಳಿದರೆ ಎಲ್ಲ ಕಲಸಿಹೋಗುತ್ತದೆ. ನೀವು ಹೇಗೆ ಕಲಿತಿರಿ, ಹೇಗೆ ಕಲಿಸಿದಿರಿ?

ಚಿಕ್ಕಬಳ್ಳಾಪುರ, ಟ್ಯೂಷನ್ ಮಾಡುವವರು: ಎರಡು ಆಲೂಗಡ್ಡೆ ತಗೊಳ್ಳಿ. ಒಂದು ಹಸಿ, ಒಂದು ಬೇಯಿಸಿದ್ದು. ಸಿಪ್ಪೆ ತೆಗೆದು, ತಳ ಸಮ ಮಾಡಿ, ಮೇಲೆ ಗುಳಿ ತೋಡಿ, ಚಮಚ ಸಕ್ಕರೆ ಹಾಕಿ. ತಟ್ಟೆಯಲ್ಲಿ ಸ್ವಲ್ಪ ನೀರು ಹಾಕಿ ನಿಲ್ಲಿಸಿ. ಕೆಲವು ಗಂಟೆ ಬಿಟ್ಟು ನೋಡಿದರೆ ಹಸಿಯದರ ಗುಳಿಯಲ್ಲಿ ನೀರು ತುಂಬಿಕೊಂಡಿರುತ್ತದೆ. ಬೆಂದದ್ದರಲ್ಲಿ ಹಾಗೆ ಏರುವುದಿಲ್ಲ. ಎಲ್ಲರೂ ಹಸಿಯದನ್ನು ತೋರಿಸಿ ಮುಗಿಸುತ್ತಾರೆ, ನನಗೆ ಬೆಂದದ್ದೇ ಮುಖ್ಯ. ಬೇಯಿಸಿದಾಗ ಕೋಶದ ಪೊರೆ ಹಾಳಾಗಿದೆ. ಪೊರೆ ಇಲ್ಲ ಅಂದರೆ ಆಸ್ಮಾಸಿಸ್ ಇಲ್ಲ. ಸಕ್ಕರೆ ಅದರೊಳಗೆ ಸುಮ್ನೆ ಹರಡಿಕೊಳ್ಳುತ್ತದೆ, ಅದು ಡಿಫ್ಯೂಷನ್.

ಮಾಲೂರು, ನರ್ಸ್: ನಾನು ಓಆರ್‌ಎಸ್ ಪೊಟ್ಟಣ ಕೈಗೆ ಕೊಟ್ಟು ಹಿಂಬದಿ ಓದಿಸುತ್ತೇನೆ. ಒಂದು ಲೀಟರಿನ ಪೊಟ್ಟಣದಲ್ಲಿ ಉಪ್ಪು 2.6 ಗ್ರಾಂ, ಗ್ಲೂಕೋಸ್ 13.5 ಗ್ರಾಂ. ಭೇದಿಗೆ ಗ್ಲೂಕೋಸ್ ಯಾಕೆ? ಶಕ್ತಿಗೆ ಅಂತಾರೆ ಎಲ್ಲರೂ. ಮುಖ್ಯ ಕಾರಣ ಅದಲ್ಲ. ಸಣ್ಣ ಕರುಳಿನ ಕೋಶದಲ್ಲಿ ಸೋಡಿಯಂ, ಗ್ಲೂಕೋಸ್ ಎರಡನ್ನೂ ಜೊತೆಗೇ ಒಳಗೆ ಸೇರಿಸುವ ಪ್ರೋಟೀನ್ ಇದೆ. ಅವು ಹೋದ ಹಿಂದೆಯೇ ನೀರು ಹೋಗುತ್ತದೆ, ಆಸ್ಮಾಸಿಸ್‌ನಿಂದ. ಇದೆಲ್ಲ ನಡೆಯಬೇಕಾದರೆ ಕೋಶದೊಳಗೆ ಸೋಡಿಯಂ ಕಡಿಮೆ ಇರಬೇಕಲ್ವಾ? ಅದಕ್ಕೆ ರಕ್ತದ ಕಡೆಯ ಪೊರೆಯಲ್ಲಿ ಪಂಪ್ ಇದೆ: 3 ಸೋಡಿಯಂ ಹೊರಗೆ, 2 ಪೊಟ್ಯಾಸಿಯಂ ಒಳಗೆ, ಖರ್ಚು ಒಂದು ಎಟಿಪಿ (ಕೋಶಕ್ಕೆ ಶಕ್ತಿ ಕೊಡುವ ಅಣು). ಆಕ್ಟಿವ್ ಟ್ರಾನ್ಸ್‌ಪೋರ್ಟ್ ಅಂದರೆ ಇದೇ.

ಇನ್ನೊಂದು ಮಾತು. ಗಟ್ಟಿಯಾಗಿದ್ದರೆ ಒಳ್ಳೆಯದು ಅಂತ ಇಡೀ ಪೊಟ್ಟಣವನ್ನು ಒಂದೇ ಲೋಟಕ್ಕೆ ಕಲಸಿ ಮಗುವಿಗೆ ಕುಡಿಸುವವರಿದ್ದಾರೆ. ಆಗ ನೀರು ಉಲ್ಟಾ ಕರುಳಿಗೇ ಬರುತ್ತದೆ, ಭೇದಿ ಜಾಸ್ತಿ ಆಗುತ್ತದೆ, ರಕ್ತದಲ್ಲಿ ಸೋಡಿಯಂ ಏರಿ ಜೀವಕ್ಕೇ ಅಪಾಯ. ದಯವಿಟ್ಟು ಮನೆಯಲ್ಲಿ ಎಲ್ಲರಿಗೂ ಹೇಳಿ.

ಬಂಗಾರಪೇಟೆ, ಎರಡನೇ ಪಿಯುಸಿ: ನನಗೆ ಅರ್ಥವಾಗಿದ್ದು ಊರಿನ ಆರ್‌ಒ ಘಟಕದಿಂದ. ನಮ್ಮ ಕಡೆ ಬೋರ್‌ವೆಲ್ ನೀರಿನಲ್ಲಿ ಫ್ಲೋರೈಡ್ ಕಾಟ ಗೊತ್ತಲ್ಲ. ಆರ್‌ಒ ಯಂತ್ರದ ಪೊರೆಯ ಒಂದು ಕಡೆ ಒಳ್ಳೆಯ ನೀರು, ಇನ್ನೊಂದು ಕಡೆ ಲವಣದ ನೀರು ಸುಮ್ನೆ ಬಿಟ್ಟರೆ ಒಳ್ಳೆಯ ನೀರೇ ಲವಣದ ಕಡೆ ಹೋಗುತ್ತದೆ. ಮೋಟರ್ ಒತ್ತಡ ಹಾಕಿ ಅದನ್ನು ತಿರುಗಿಸುತ್ತದೆ. ಕರೆಂಟ್ ಖರ್ಚಾಗುವುದರಿಂದ ಇದೂ ಆಕ್ಟಿವ್ ಟ್ರಾನ್ಸ್‌ಪೋರ್ಟ್ ತರಹವೇ ಅಲ್ವಾ?

ತುಮಕೂರು, ಬಯಾಲಜಿ ಉಪನ್ಯಾಸಕಿ: ಅಲ್ಲ ಮರಿ, ಅಲ್ಲೇ ಮಾರ್ಕ್ಸ್ ಹೋಗುವುದು. ಅಲ್ಲಿ ತಳ್ಳುವುದು ಒತ್ತಡ. ಪೊರೆಯಲ್ಲಿರುವ ಪಂಪ್ ಅಲ್ಲ, ಎಟಿಪಿಯೂ ಅಲ್ಲ. ಪ್ರತಿ ಉದಾಹರಣೆಗೂ ಏನು ಹೋಗುತ್ತಿದೆ, ಎಲ್ಲಿಂದ ಎಲ್ಲಿಗೆ, ಯಾವುದರ ಬಲದಿಂದ ಅಂತ ಕೇಳಿಕೊಳ್ಳಿ. ಕಿಡ್ನಿಯಲ್ಲಿ ಒತ್ತಡ, ಪಂಪ್ ಎರಡೂ ಸಿಗುತ್ತವೆ. ರಕ್ತದೊತ್ತಡದಿಂದ ದಿನಕ್ಕೆ ಸುಮಾರು 180 ಲೀಟರ್ ಸೋಸುತ್ತದೆ, ಮೂತ್ರವಾಗುವುದು ಒಂದೂವರೆ ಲೀಟರ್ ಅಷ್ಟೇ. ಉಳಿದದ್ದು ನಳಿಕೆಗಳಲ್ಲಿ ವಾಪಸ್: ಸೋಡಿಯಂ ಪಂಪ್ ಕೆಲಸದಿಂದ, ನೀರು ಅದರ ಹಿಂದೆ ಅಕ್ವಾಪೊರಿನ್ ಎಂಬ ದಾರಿಯಲ್ಲಿ. ಆ ದಾರಿ ಕಂಡುಹಿಡಿದ ಪೀಟರ್ ಆಗ್ರೆ ಅವರಿಗೆ 2003ರಲ್ಲಿ ನೊಬೆಲ್ ಬಂತು. ಬಿಸಿಲಲ್ಲಿ ನೀರು ಕುಡಿಯದ ದಿನ ಮೂತ್ರ ಕಡು ಹಳದಿ ಆಗುವುದು ಯಾಕೆ ಅಂತ ಮಗಳನ್ನು ಕೇಳಿ ನೋಡಿ. ಉತ್ತರ ಹುಡುಕುತ್ತಾ ಮೂತ್ರದಲ್ಲಿ ಹೆಚ್ಚು ನೀರು ಹೋಗದಂತೆ ತಡೆಯುವ ಎಡಿಎಚ್ ಹಾರ್ಮೋನ್ ತನಕ ತಾನೇ ಬರುತ್ತಾಳೆ.