ಮರಿ ಹಂದಿಗಳ ಒಣ ಕೆಮ್ಮು: ಪೆನಿಸಿಲಿನ್ ಯಾಕೆ ನಾಟುತ್ತಿಲ್ಲ?

ಹುಮನಾಬಾದ್_ಶೆಡ್:
ನಮಸ್ಕಾರ. ಹುಮನಾಬಾದ್ ಹತ್ತಿರ ನಮ್ಮದೊಂದು ಸಣ್ಣ ಹಂದಿ ಶೆಡ್ ಇದೆ, ಯಾರ್ಕ್‌ಷೈರ್ ತಳಿ. ಮೂರ್ನಾಲ್ಕು ತಿಂಗಳ ಮರಿಗಳಿಗೆ ಒಣ ಕೆಮ್ಮು ಹಿಡಿದಿದೆ. ಬೆಳಗ್ಗೆ ಎಬ್ಬಿಸಿ ಓಡಿಸಿದರೆ ಸಾಲಾಗಿ ಕೆಮ್ಮುತ್ತವೆ. ಜ್ವರ ಇಲ್ಲ, ತಿನ್ನುತ್ತವೆ, ಆದರೆ ಮೈ ಹಿಡಿಯುತ್ತಿಲ್ಲ. ಔಷಧಿ ಅಂಗಡಿಯವರು ಪೆನಿಸಿಲಿನ್ ಕೊಟ್ಟರು, ಸೂಜಿ ಮಾಡಿಸಿದರೂ ಏನೂ ಫರಕ್ ಇಲ್ಲ. ಚಳಿ ಅಂತ ಶೆಡ್ ಸುತ್ತ ತಾಡಪತ್ರಿ ಕಟ್ಟಿದ್ದೇವೆ. ಇದು ನ್ಯುಮೋನಿಯಾನಾ? ಇಷ್ಟು ಕೆಮ್ಮಿದರೂ ಆ ಕ್ರಿಮಿ ಹೊರಗೆ ಬರುವುದಿಲ್ಲ ಯಾಕೆ?

ಬೀದರ್_ವೆಟ್:
ಅಣ್ಣಾ, ಕಣ್ಣಾರೆ ನೋಡದೆ ಖಚಿತ ಹೇಳಲಾರೆ. ಆದರೆ ಜ್ವರ ಇಲ್ಲದ ಒಣ ಕೆಮ್ಮು ಅಂದರೆ ನಮಗೆ ಮೊದಲು ನೆನಪಾಗುವುದು ಮೈಕೋಪ್ಲಾಸ್ಮಾ ಹೈಯೋನ್ಯುಮೋನಿಯೆ, ಹಂದಿಗಳಿಗೆ ನ್ಯುಮೋನಿಯಾ ತರುವ ಒಂದು ಬ್ಯಾಕ್ಟೀರಿಯಾ.

ಶ್ವಾಸನಾಳದ ಒಳಗೋಡೆ ತುಂಬ ಕಣ್ಣಿಗೆ ಕಾಣದ ರೋಮಗಳಿರುತ್ತವೆ, ಸಿಲಿಯಾ ಅಂತಾರೆ. ಗಾಳಿಗೆ ಜೋಳದ ಹೊಲ ತೂಗಿದ ಹಾಗೆ ಇವು ಒಂದೇ ದಿಕ್ಕಿಗೆ ಬಡಿಯುತ್ತ, ಲೋಳೆಯನ್ನೂ ಅದರಲ್ಲಿ ಸಿಕ್ಕ ಧೂಳು, ಕ್ರಿಮಿಗಳನ್ನೂ ಗಂಟಲಿನ ಕಡೆ ತಳ್ಳುತ್ತಲೇ ಇರುತ್ತವೆ. ಈ ಮೈಕೋಪ್ಲಾಸ್ಮಾ ಮಾತ್ರ ತಳ್ಳುವ ರೋಮವನ್ನೇ ಹಿಡಿದುಕೊಳ್ಳುತ್ತದೆ. ಅದರ ಮೈಮೇಲೆ ಪಿ97 ಅನ್ನುವ ಪ್ರೋಟೀನ್ ಇದೆ. ಅದರಲ್ಲಿ ಒಂದೇ ಸಣ್ಣ ತುಣುಕು ಮತ್ತೆ ಮತ್ತೆ ಬರುತ್ತದೆ, ಕನಿಷ್ಠ 8 ಸಲ ಬಂದರೆ ರೋಮಕ್ಕೆ ಹಿಡಿತ ಸಿಗುತ್ತದೆ. ಪಿ102ರಂಥ ಇನ್ನೂ ಕೆಲವು ಪ್ರೋಟೀನ್‌ಗಳು ಜೊತೆಗಿವೆ. ಹಾಗಾಗಿ ಕೆಮ್ಮಿಗೆ ಲೋಳೆ ಬರಬಹುದು, ಇದು ಬರುವುದಿಲ್ಲ.

ಸ್ವಲ್ಪ ದಿನಕ್ಕೆ ರೋಮಗಳ ಬಡಿತ ನಿಲ್ಲುತ್ತದೆ, ಆಮೇಲೆ ಉದುರುತ್ತವೆ. ನಿಜವಾದ ಕಷ್ಟ ಶುರುವಾಗುವುದು ಆಗ. ಕಸ ಹೊರಹಾಕುವವರೇ ಇಲ್ಲ ಅಂದಮೇಲೆ ಪಾಶ್ಚುರೆಲ್ಲಾದಂಥ ಬೇರೆ ಬ್ಯಾಕ್ಟೀರಿಯಾ ಶ್ವಾಸಕೋಶದೊಳಗೆ ಇಳಿಯುತ್ತವೆ. ಜ್ವರ, ಏದುಸಿರು ಬಂದರೆ ಸಾಮಾನ್ಯವಾಗಿ ಅವುಗಳ ಕೆಲಸ.

ಪೆನಿಸಿಲಿನ್ ಕೆಡಿಸುವುದು ಬ್ಯಾಕ್ಟೀರಿಯಾದ ಕೋಶಗೋಡೆಯನ್ನು. ಮೈಕೋಪ್ಲಾಸ್ಮಾಕ್ಕೆ ಆ ಗೋಡೆಯೇ ಇಲ್ಲ! ಟೈಲೋಸಿನ್, ಟಿಯಾಮುಲಿನ್, ಟೆಟ್ರಾಸೈಕ್ಲಿನ್ ಗುಂಪಿನವು ಇದಕ್ಕೆ ಬಳಕೆಯಲ್ಲಿವೆ. ಯಾವುದು, ಎಷ್ಟು ಅಂತ ಡಾಕ್ಟರೇ ಬರೆಯಬೇಕು, ಅಂಗಡಿಯವರಲ್ಲ.

ಆಳಂದ_ರೈತ:
ಮೊದಲು ಆ ತಾಡಪತ್ರಿ ಮೇಲಿಂದ ಸ್ವಲ್ಪ ಬಿಡಿಸಿ. ಒಳಗೆ ಮೂತ್ರದ ಘಾಟು ಕಣ್ಣು ಉರಿಸುತ್ತಾ? ಆ ಅಮೋನಿಯಾನೂ ರೋಮಗಳನ್ನು ಹಾಳು ಮಾಡುತ್ತದೆ. ಮರಿ ಮಲಗುವ ಎತ್ತರಕ್ಕೆ ಗಾಳಿ ತಡೆದರೆ ಸಾಕು, ಮೇಲೆ ತೆರೆದೇ ಇರಲಿ. ಹಂದಿ ಕಡಿಯುವಾಗ ಶ್ವಾಸಕೋಶ ತೆಗೆದು ನೋಡಿ. ಮುಂದಿನ ಕೆಳಭಾಗ ನೇರಳೆ-ಬೂದು ಬಣ್ಣಕ್ಕೆ ತಿರುಗಿ ಗಟ್ಟಿಯಾಗಿದ್ದರೆ ಬಹುತೇಕ ಇದೇ ರೋಗ.

ಹುಮನಾಬಾದ್_ಶೆಡ್:
ಘಾಟು ಇದೆ ಅಣ್ಣಾ, ಇವತ್ತೇ ಬಿಡಿಸ್ತೀನಿ. ಲಸಿಕೆ ಹಾಕಿಸಿದರೆ ಪೂರ್ತಿ ಹೋಗುತ್ತದಾ? ಮನೆಯಲ್ಲಿ ಮಕ್ಕಳಿದ್ದಾರೆ, ಅದೊಂದು ಭಯ.

ಬೀದರ್_ವೆಟ್:
ಮಕ್ಕಳಿಗೆ ಈ ಕ್ರಿಮಿ ಬರುವುದಿಲ್ಲ, ಇದು ಹಂದಿಯದ್ದೇ. ಲಸಿಕೆಯಿಂದ ಶ್ವಾಸಕೋಶಕ್ಕೆ ಆಗುವ ಪೆಟ್ಟು ಕಡಿಮೆಯಾಗುತ್ತದೆ, ತೂಕ ಉಳಿಯುತ್ತದೆ, ಆದರೆ ರೋಮಕ್ಕೆ ಅಂಟುವುದನ್ನು ಪೂರ್ತಿ ತಡೆಯುವುದಿಲ್ಲ. ಕೆಮ್ಮು ನಿಂತ ಹಂದಿಯೂ 200 ದಿನ ದಾಟಿ ರೋಗ ಹರಡಬಲ್ಲದು. ತಾಯಿಯಿಂದ ಮರಿಗೆ ಬರುವುದೂ ಹೀಗೇ. ಅದಕ್ಕೆ ದೊಡ್ಡವನ್ನೂ ಮರಿಗಳನ್ನೂ ಒಂದೇ ಕೊಟ್ಟಿಗೆಯಲ್ಲಿ ಬಿಡಬೇಡಿ, ಒಂದು ಬ್ಯಾಚ್ ಪೂರ್ತಿ ಖಾಲಿಯಾಗಿ ತೊಳೆದು ಒಣಗಿದ ಮೇಲೆ ಇನ್ನೊಂದು ತನ್ನಿ. ಇದ್ದಕ್ಕಿದ್ದಂತೆ ಜೋರು ಜ್ವರ ಬಂದು ಹಂದಿಗಳು ಸಾಯತೊಡಗಿದರೆ ಅದು ಹಂದಿ ಜ್ವರವೂ (ಸ್ವೈನ್ ಫೀವರ್, ಜನರಿಗೆ ಬರುವ ಎಚ್1ಎನ್1 ಅಲ್ಲ) ಇರಬಹುದು, ಮಾರೋಕೆ ಹೋಗದೆ ತಕ್ಷಣ ಪಶು ಆಸ್ಪತ್ರೆಗೆ ತಿಳಿಸಿ.