ಥ್ರೆಡ್‌ಗೆ ‘ಚೂಡಿ’ ಅನ್ನಬಹುದಾ? ‘ಬಾರೀಕ ಚೂಡಿ’ ನಿಮ್ಮ ಕಡೆ ಇದೆಯಾ?

ಎಲ್ಲರಿಗೂ ನಮಸ್ಕಾರ.

ಬೋಲ್ಟಿನ ಮೈಮೇಲೆ, ನಟ್ಟಿನ ಹೊಟ್ಟೆಯೊಳಗೆ ಸುತ್ತಿಕೊಂಡು ಹೋಗುವ ಗೆರೆ ಇದೆಯಲ್ಲ, ಥ್ರೆಡ್ ಅನ್ನುತ್ತೇವಲ್ಲ, ಅದಕ್ಕೆ ನಿಮ್ಮೂರಿನ ಲೇಥ್ ಅಂಗಡಿಯಲ್ಲಿ ಏನನ್ನುತ್ತಾರೆ? ನಮ್ಮ ಕಲಬುರಗಿಯಲ್ಲಿ ಅದು ‘ಚೂಡಿ’. ಕಪನೂರ ಕಡೆ ದಾಲ್ ಮಿಲ್ಲುಗಳ ಶಾಫ್ಟ್, ರೋಲರ್ ರಿಪೇರಿ ಮಾಡುವ ಅಂಗಡಿಗಳಲ್ಲಿ ದಿನವಿಡೀ ಕೇಳುವ ಮಾತು: ‘ಚೂಡಿ ಹಾಕ್ರಿ’, ‘ಚೂಡಿ ಹೋಗ್ಯದ’, ‘ಚೂಡಿಗೆ ಚೂಡಿ ಕೂಡವಲ್ದು’. ಹಿಂದಿ, ಉರ್ದುವಿನಿಂದ ಬಂದ ಪದ. ಅಲ್ಲಿ ಬಳೆಗೂ ಚೂಡಿ, ಥ್ರೆಡ್‌ಗೂ ಚೂಡಿ. ನಮ್ಮಲ್ಲಿ ಬಳೆ ಬಳೆಯಾಗಿಯೇ ಉಳಿದಿದೆ. ಅಂಗಡಿಯಲ್ಲಿ ಚೂಡಿ ಅಂದರೆ ಥ್ರೆಡ್ ಒಂದೇ.

ಈ ಪ್ರಶ್ನೆ ಏಕೆ ಬಂತು ಅಂದರೆ, ನಾನು ಟರ್ನರ್ ಹುಡುಗರಿಗೆ ಪಾಠ ಹೇಳುವವನು. ಈಗ ಲೇಥ್ ಅಂಗಡಿಯವರಿಗಾಗಿ ಕನ್ನಡದಲ್ಲಿ ಒಂದು ಪುಟದ ತಿಳಿವಳಿಕೆ ಹಾಳೆ ಬರೆಯುತ್ತಿದ್ದೇನೆ. ವಿಷಯ ಇ-ಸಿಗರೇಟಿನ ಜೋಡಣೆ ತುಣುಕು, ಅಂದರೆ ಬ್ಯಾಟರಿ ಭಾಗಕ್ಕೆ ಹೊಗೆ ಬರುವ ಭಾಗವನ್ನು ತಿರುಗಿಸಿ ಕೂಡಿಸುವ ತುಣುಕು.

ಪರಿಚಯದ ಮಿಸ್ತ್ರಿಯೊಬ್ಬರ ಅಂಗಡಿಗೆ ಒಬ್ಬ ಹುಡುಗ ಹಿತ್ತಾಳೆಯ ಪುಟ್ಟ ತುಣುಕೊಂದನ್ನು ತಂದಿದ್ದ. ‘ಇದರಂಗೇ ಇನ್ನೊಂದು ಮಾಡಿಕೊಡ್ರಿ ಕಾಕಾ, ಟಾರ್ಚಿಂದು’ ಅಂದನಂತೆ. ಮಿಸ್ತ್ರಿ ವರ್ನಿಯರ್ ಹಿಡಿದರು, ಎರಡು ಸೂತಿಗಿಂತ (ಸೂತಿ ಅಂದರೆ ಇಂಚಿನ ಎಂಟನೇ ಒಂದು ಭಾಗ) ಚೂರು ಜಾಸ್ತಿ, ಸುಮಾರು 7 ಮಿಲಿಮೀಟರ್ ಬಂತು. ಪಿಚ್ ಅಂದರೆ ಒಂದು ಗೆರೆಯಿಂದ ಪಕ್ಕದ ಗೆರೆಗೆ ಇರುವ ದೂರ. ಅದನ್ನು ಅಳೆಯುವ ಪಿಚ್ ಗೇಜಿನ 1 ಮಿಲಿಮೀಟರ್ ಎಲೆ ಇಟ್ಟು ಬೆಳಕಿಗೆ ಹಿಡಿದರೆ ಹಲ್ಲಿನ ನಡುವೆ ಬೆಳಕು ಕಾಣುತ್ತಿತ್ತು. ಅರ್ಧ ಮಿಲಿಮೀಟರ್ ಎಲೆ ಇಟ್ಟಾಗ ಬೆಳಕು ನಿಂತಿತು. ‘ಭಾಳ ಬಾರೀಕ ಚೂಡಿ ಅದ, ಟಾರ್ಚಿಗೆ ಇಂಥದ್ಯಾಕ?’ ಎಂದು ಅನುಮಾನ ಬಂದು ನನ್ನನ್ನು ಕೇಳಿದರು.

ಅದು ‘510’ ಅನ್ನುವ ಜೋಡಣೆ. ಹೊರದೇಶದ ಒಂದು ಹಳೆಯ ಇ-ಸಿಗರೇಟ್ ಮಾದರಿಯ ಸಂಖ್ಯೆಯೇ ಜೋಡಣೆಗೂ ಹೆಸರಾಗಿ ನಿಂತಿದೆ. ಅಳತೆ 7 ಮಿಲಿಮೀಟರ್ ವ್ಯಾಸ, 0.5 ಮಿಲಿಮೀಟರ್ ಪಿಚ್. ಅಂಗಡಿಯಲ್ಲಿ ಸಿಗುವ ಮಾಮೂಲಿ 7ರ ಬೋಲ್ಟಿಗೆ ಪಿಚ್ 1 ಮಿಲಿಮೀಟರ್, ಅದರ ನಟ್ಟು ಇದಕ್ಕೆ ಕೂರುವುದಿಲ್ಲ. ಬೇರೆ ದೇಶಗಳಲ್ಲಿ ತಮ್ಮ ಸಾಧನವನ್ನು ತಾವೇ ಮಾರ್ಪಡಿಸಿಕೊಳ್ಳುವವರು ಈ ತುಣುಕನ್ನು ಲೇಥಿನಲ್ಲಿ ಮಾಡಿಕೊಳ್ಳುತ್ತಾರೆ, ಇಲ್ಲವೇ ಕೆಟ್ಟುಹೋದ ಸಾಧನದಿಂದ ಕಿತ್ತು ಬೆಸುಗೆ ಹಾಕುತ್ತಾರೆ.

ನಮ್ಮಲ್ಲಿ ಹಾಗೆ ಮಾಡಿಕೊಡುವಂತಿಲ್ಲ. ಕರ್ನಾಟಕ 2016ರಲ್ಲೇ ಇ-ಸಿಗರೇಟ್ ನಿಷೇಧಿಸಿತ್ತು. ಇಡೀ ದೇಶಕ್ಕೆ ಅನ್ವಯಿಸುವ ಕಾಯ್ದೆ 2019ರದು. ಅದರಲ್ಲಿ ಪೂರ್ತಿ ಸಾಧನದ ಜೊತೆಗೆ ಅದರ ಯಾವುದೇ ಭಾಗದ ತಯಾರಿಕೆ, ಮಾರಾಟವೂ ಸೇರಿದೆ. ಮೊದಲ ಸಲ ಸಿಕ್ಕಿಬಿದ್ದರೆ 1 ವರ್ಷದವರೆಗೆ ಜೈಲು, ಇಲ್ಲವೇ 1 ಲಕ್ಷ ರೂಪಾಯಿವರೆಗೆ ದಂಡ, ಅಥವಾ ಎರಡೂ. ಸಣ್ಣ ಕೂಲಿಯ ಆಸೆಗೆ, ಏನೆಂದು ಗೊತ್ತಿಲ್ಲದೆ ಮಾಡಿಕೊಟ್ಟ ಮಿಸ್ತ್ರಿಗೆ ಇದು ಗೊತ್ತಿರಬೇಕು, ಅಲ್ವಾ? ಅಪಾಯವೂ ಇದೆ. ಆ ತುಣುಕಿನ ನಡುವಿನ ಪಿನ್ ಬ್ಯಾಟರಿಯ ಪ್ಲಸ್, ಹೊರಗಿನ ಚೂಡಿಯೇ ಮೈನಸ್. ನಡುವೆ ವಿದ್ಯುತ್ ಹಾಯದ, ಉಂಗುರದಂಥ ತೆಳು ಬುಶ್ ಮಾತ್ರ. ಅದು ಸರಿದರೆ ಲಿಥಿಯಂ ಬ್ಯಾಟರಿ ಶಾರ್ಟ್ ಆಗಿ ಹೊತ್ತಿಕೊಳ್ಳಬಹುದು. ಲೇಥಿಗೆ ಹದವಾಗಲಿ ಎಂದು ಬಳಸುವ ಹಿತ್ತಾಳೆಯಲ್ಲಿ ಸೀಸ ಬೇರೆ ಇರುತ್ತದೆ, ಸುಮಾರು ಶೇಕಡಾ 3. ಎಷ್ಟೋ ಸಾಧನಗಳಲ್ಲಿ ಎಳೆಯುವ ಗಾಳಿ ಅದೇ ಹಿತ್ತಾಳೆಯ ಪಕ್ಕದಲ್ಲಿ ಹಾದು ಬಾಯಿಗೆ ಬರುತ್ತದೆ.

ಇಷ್ಟನ್ನೂ ಮಿಸ್ತ್ರಿ ಒಂದೇ ಸಲಕ್ಕೆ ಓದಿ, ‘ಓ, ಆ ತುಣುಕಾ’ ಎಂದು ಗುರುತು ಹಿಡಿಯಬೇಕು. ಹಾಗಾಗಿ ಪದ ಸರಿ ಇರಬೇಕು.

ಥ್ರೆಡ್‌ಗೆ ‘ಎಳೆ’ ಎಂದು ಬರೆ ಅಂದವರಿದ್ದಾರೆ. ನನಗೆ ಒಪ್ಪಿಗೆಯಿಲ್ಲ. ಎಳೆ ಅಂದರೆ ನೂಲಿನದು, ಕೂದಲಿನದು. ಇಂಗ್ಲಿಷಿನಲ್ಲಿ ನೂಲಿಗೂ ಇದಕ್ಕೂ ಒಂದೇ ಪದ ಇದೆ ಎಂದು ನಾವೂ ಎಳೆ ಅನ್ನಬೇಕಾಗಿಲ್ಲ. ‘ತಿರುಪು’ ಒಳ್ಳೆಯ ಹಳೆಯ ಪದ, ಆದರೆ ಅದು ಇಡೀ ಸ್ಕ್ರೂವಿಗೆ ಸಲ್ಲುತ್ತದೆ, ಗೆರೆಗಲ್ಲ. ‘ಹಲ್ಲು’ ಅನ್ನೋಣವೆಂದರೆ ಅದನ್ನು ಗೇರಿಗೆ ಬಿಟ್ಟುಕೊಟ್ಟಾಗಿದೆ. ಇಂಚಿನ ಲೇಥಿನಲ್ಲಿ ಮಿಲಿಮೀಟರ್ ಚೂಡಿ ಕತ್ತರಿಸಲು 127 ಹಲ್ಲಿನ ಗೇರ್ ಹಾಕಬೇಕು. ಒಂದೇ ವಾಕ್ಯದಲ್ಲಿ ಎರಡು ಬಗೆಯ ಹಲ್ಲು ಬಂದರೆ ಓದುವವನ ಗತಿಯೇನು?

ನನಗೆ ತುಂಬ ಬೇಕೆನಿಸಿದ ಪದ ಮಿಸ್ತ್ರಿ ಬಾಯಿಂದ ಬಂದ ‘ಬಾರೀಕ’. ‘ಸಣ್ಣ ಚೂಡಿ’ ಎಂದು ಬರೆದರೆ ಎರಡು ಅರ್ಥ ಬರುತ್ತದೆ: ಬೋಲ್ಟೇ ಸಣ್ಣದಾ, ಗೆರೆ ಒತ್ತೊತ್ತಾಗಿದೆಯಾ? ‘ಬಾರೀಕ ಚೂಡಿ’ ಅಂದರೆ ಆ ಗೊಂದಲವಿಲ್ಲ. ಗೆರೆ ಒತ್ತಾಗಿದೆ, ಅಷ್ಟೇ. ಎರಡಿಂಚಿನ ಪೈಪಿಗೂ ಬಾರೀಕ ಚೂಡಿ ಇರಬಹುದು. ಇದರ ಎದುರು ‘ಮೋಟಾ ಚೂಡಿ’. ನಮ್ಮ ಮನೆಗಳಲ್ಲೂ ‘ಹಿಟ್ಟು ಬಾರೀಕ ಬೀಸಸು’ ಅನ್ನುತ್ತೇವೆ, ಹೊಸದಾಗಿ ಕಲಿಸಬೇಕಾದ ಪದವಲ್ಲ. ಮೈಸೂರು, ಮಂಗಳೂರು ಕಡೆಯವರಿಗೆ ಇದು ಅರ್ಥವಾಗುತ್ತದಾ, ಅಥವಾ ‘ನಯ’ ಅನ್ನಬೇಕಾ? ನಯ ಅಂದರೆ ಇಲ್ಲಿ ನುಣುಪು. ಚೂಡಿ ಸವೆದು ನುಣ್ಣಗಾಗಿದೆ ಎಂದು ತಿಳಿದುಕೊಂಡಾರು ಎಂಬ ಅಳುಕು ನನಗೆ.

ಗಂಡು, ಹೆಣ್ಣು ಬಗ್ಗೆಯೂ ಕೇಳಬೇಕು. ಚೂಡಿ ಹೊರಮೈಮೇಲಿದ್ದರೆ ಗಂಡು (ಮೇಲ್), ಒಳಗಿದ್ದರೆ ಹೆಣ್ಣು (ಫೀಮೇಲ್). ನಲ್ಲಿ ಪೈಪಿನ ಅಂಗಡಿಯಲ್ಲಿ ಎಲ್ಲರೂ ‘ಎಂಟಿಎ ಕೊಡ್ರಿ, ಎಫ್‌ಟಿಎ ಕೊಡ್ರಿ’ ಅನ್ನುತ್ತಾರೆ (ಮೇಲ್, ಫೀಮೇಲ್ ಥ್ರೆಡೆಡ್ ಅಡಾಪ್ಟರ್). ಆ ಎಂ ಮತ್ತು ಎಫ್ ಏನೆಂದು ಕೇಳಿದರೆ ಹೇಳುವವರು ಕಡಿಮೆ. ನಾನು ‘ಒಳಚೂಡಿ’, ‘ಹೊರಚೂಡಿ’ ಎಂದು ಬರೆದಿದ್ದೇನೆ. ನೋಡಿದ್ದನ್ನೇ ಹೇಳುವ ಪದಗಳು, ಬಾಯಿಪಾಠ ಬೇಕಿಲ್ಲ.

ಇನ್ನು ತುಣುಕಿಗೇ ಏನೆನ್ನಲಿ? ‘ಕನೆಕ್ಟರ್’ ಅಂದರೆ ಇಲ್ಲಿ ವೈರ್ ಜೋಡಿಸುವ ಪ್ಲಾಸ್ಟಿಕ್ ಪಟ್ಟಿ ನೆನಪಾಗುತ್ತದೆ. ಮಿಸ್ತ್ರಿಗಳು ಇಂಥದ್ದನ್ನು ನೋಡಿದ ಕೂಡಲೇ ‘ನಿಪ್ಪಲ್’ (ಚೂಡಿ ಇರುವ ಗಿಡ್ಡ ಪೈಪ್ ತುಂಡು) ಅನ್ನುತ್ತಾರೆ, ದಪ್ಪವಿದ್ದರೆ ‘ಬುಶ್’. ಸದ್ಯಕ್ಕೆ ‘ನಡುವೆ ಪಿನ್ ಇರುವ, ಬಾರೀಕ ಚೂಡಿಯ ನಿಪ್ಪಲ್’ ಎಂದು ಬರೆದಿದ್ದೇನೆ. ಉದ್ದವಾಯಿತು, ಆದರೆ ಕಣ್ಣಿಗೆ ಕಟ್ಟುತ್ತದೆ.

ಬೀದರಿನವರಿಗೆ ಒಂದು ಬೇರೆ ಪ್ರಶ್ನೆ. ಕಾಯ್ದೆಯ ವ್ಯಾಖ್ಯೆಯಲ್ಲಿ ಇ-ಹುಕ್ಕಾ ಕೂಡ ಬರುತ್ತದೆ. ಹುಕ್ಕಾದ ಮಾತು ಬಂದರೆ ನಿಮ್ಮಷ್ಟು ಬಲ್ಲವರು ಯಾರಿದ್ದಾರೆ? ಬಿದ್ರಿ ಕೆಲಸದ ಹುಕ್ಕಾ ತಳಗಳು ಲಂಡನ್ನಿನ ವಸ್ತುಸಂಗ್ರಹಾಲಯದವರೆಗೆ ಹೋಗಿವೆ. ಬಾಯಿಗಿಡುವ ತುದಿಗೆ ‘ಮುಹನಾಲ್’, ಹುಕ್ಕಾದ ನಳಿಗೆಗೆ ‘ನೈಚಾ’ ಎಂಬ ಪದಗಳನ್ನು ಹಳೆ ಕುಶಲಕರ್ಮಿಗಳು ಈಗಲೂ ಕನ್ನಡ ಮಾತಿನ ನಡುವೆ ಬಳಸುತ್ತಾರಾ? ಬಳಸಿದರೆ ‘ಮೌತ್‌ಪೀಸ್’ ಬದಲು ಮುಹನಾಲ್ ಎಂದೇ ಬರೆಯುವೆ.

ಹಾಗೆಯೇ ಭಾಲ್ಕಿ, ಔರಾದ ಕಡೆಯವರು ಹೇಳಿ: ಮರಾಠಿಯಲ್ಲಿ ಥ್ರೆಡ್‌ಗೆ ‘ಆಟೆ’ ಅನ್ನುತ್ತಾರೆ. ಗಡಿಯ ಈಚೆಗೂ ಲೇಥ್ ಅಂಗಡಿಗಳಲ್ಲಿ ಆಟೆ ನಡೆಯುತ್ತದಾ, ಅಥವಾ ನಮ್ಮ ಹಾಗೆ ಚೂಡಿಯೇ? ಯಾದಗಿರಿಯವರೂ ತಿಳಿಸಿ. ಸುಮ್ನೆ ಪದ ಬರೆದು ಬಿಡಬೇಡಿ, ಅಂಗಡಿಯಲ್ಲಿ ಕೇಳಿದ ಒಂದು ಪೂರ್ತಿ ವಾಕ್ಯವನ್ನು ಹಾಗೇ ಬರೆಯಿರಿ. ಹಾಳೆ ಅಚ್ಚಿಗೆ ಹೋಗುವ ಮೊದಲು ಆ ವಾಕ್ಯಗಳನ್ನು ಮಿಸ್ತ್ರಿಗಳಿಗೆ ಓದಿ ತೋರಿಸಬೇಕು.