ಪದಚರ್ಚೆ: ಶಾಲಾ ಗ್ರಂಥಾಲಯದ ‘ಇಂಟರ್ನ್’ – ಕನ್ನಡದಲ್ಲಿ ಏನೆಂದು ಬರೆಯಲಿ?

ಬಳಗದ ಹಿರಿಯರಿಗೆ ನಮಸ್ಕಾರಗಳು. ಗ್ರಂಥಾಲಯ ವಿಜ್ಞಾನದ ಸ್ನಾತಕೋತ್ತರ ವ್ಯಾಸಂಗದ ಅಂಗವಾಗಿ ನಾನು ಅಮೆರಿಕದ ನ್ಯೂಜೆರ್ಸಿಯ ಒಂದು ಪ್ರಾಥಮಿಕ ಶಾಲೆಯ ಗ್ರಂಥಾಲಯದಲ್ಲಿ ಇಂಟರ್ನ್ ಆಗಿದ್ದೇನೆ. ಫೆಬ್ರುವರಿ 21ರ ವಿಶ್ವ ಮಾತೃಭಾಷಾ ದಿನಕ್ಕಾಗಿ ಸಿಬ್ಬಂದಿಯ ಹೆಸರು ಮತ್ತು ಹುದ್ದೆಗಳನ್ನು ಅವರವರ ಮನೆಮಾತಿನಲ್ಲಿ ಬರೆಸಿ ಗ್ರಂಥಾಲಯದ ಬಾಗಿಲಿಗೆ ಹಾಕಲಿದ್ದು, ನನ್ನ ಫಲಕದ ಬರಹವನ್ನು ಶುಕ್ರವಾರದೊಳಗೆ ಕೊಡಬೇಕಾಗಿದೆ. ಮಕ್ಕಳು ಹಿಂದಿರುಗಿಸಿದ ಪುಸ್ತಕಗಳನ್ನು ಸ್ಕ್ಯಾನ್ ಮಾಡಿ, ಬೆನ್ನಿನ ಮೇಲಿನ ಚೀಟಿಯ ಸಂಖ್ಯೆಯಂತೆ ಕಪಾಟಿಗೆ ಸೇರಿಸುವುದು (ಡೈನೊಸಾರ್‌ಗಳ 567.9ರ ಸಾಲು ಸದಾ ಅರ್ಧ ಖಾಲಿ), ಹರಿದ ಹಾಳೆ ಅಂಟಿಸುವುದು, ಚಿಕ್ಕವರಿಗೆ ಕಥೆ ಓದಿ ಹೇಳುವುದು, ಗ್ರಂಥಪಾಲಕರ ಸಮ್ಮುಖದಲ್ಲಿ ಪಾಠ ಮಾಡುವುದು ನನ್ನ ಕೆಲಸ. ಸಂಬಳವಿಲ್ಲ, ಅಂಕಗಳಿವೆ. ‘ತರಬೇತುದಾರ’ ಎಂದರೆ ತರಬೇತಿ ಕೊಡುವವರೆಂದಾಗುತ್ತದೆ. ಅಪ್ರೆಂಟಿಸ್‌ಗಳಿಗೆ ಬಳಸುವ ‘ಶಿಶಿಕ್ಷು’ ಆದೀತೇ?

ಮೊದಲ ಉತ್ತರ:
ಆಗದು. ಮುಚ್ ಧಾತುವಿನಿಂದ ಮುಮುಕ್ಷು (ಬಿಡುಗಡೆ ಬಯಸುವವ), ಭುಜ್ ಧಾತುವಿನಿಂದ ಬುಭುಕ್ಷು (ಉಣ್ಣಬಯಸುವವ) ಆದಂತೆ ಇದೂ ಆಯಿತೆಂದು ಸರ್ಕಾರಿ ಕಡತದವರು ನಂಬಿರಬಹುದು. ಆದರೆ ಶಿಕ್ಷ್ ಧಾತುವಿನ ಇಚ್ಛಾರ್ಥಕ ರೂಪ ‘ಶಿಶಿಕ್ಷಿಷು’. ಸಾರಿಗೆ ಸಂಸ್ಥೆಯ ಡಿಪೋಗಳಲ್ಲಿ ರಿಪೇರಿ ಕಲಿಯುವವರಿಗೆ ಆ ಪದ ಅಂಟಿಕೊಂಡಾಗಿದೆ, ಇರಲಿ. ತಾವು ‘ಅಂತೇವಾಸಿ’ ಎಂದು ಬರೆಯಿರಿ. ಫ್ರಾನ್ಸಿನ ಆಸ್ಪತ್ರೆಗಳಲ್ಲಿ ಒಳಗೇ ಉಳಿದು ದುಡಿಯುತ್ತಿದ್ದ ಕಿರಿಯ ವೈದ್ಯನ ಹೆಸರೇ ಅಮೆರಿಕದಲ್ಲಿ ‘ಇಂಟರ್ನ್’ ಆಯಿತು. ಗುರುವಿನ ಬಳಿ ವಾಸಿಸುವ ಶಿಷ್ಯ ನಮ್ಮ ಅಂತೇವಾಸಿ. ಎರಡಕ್ಕೂ ಬೇರು ಒಂದೇ.

ಎರಡನೆಯ ಉತ್ತರ:
ಬೇರು ಒಂದಲ್ಲ. ‘ಇಂಟರ್’ ಎಂಬುದಕ್ಕೆ ನೆಂಟಸ್ತಿಕೆ ಇರುವುದು ‘ಅಂತರ್’ ಜೊತೆಗೆ. ‘ಅಂತೇ’ ಬಂದದ್ದು ಸಮೀಪವೆಂಬ ಅರ್ಥದ ‘ಅಂತ’ ಶಬ್ದದ ಸಪ್ತಮಿಯಿಂದ, ಅದು ವಿಭಕ್ತಿ ಲೋಪವಾಗದೆ ಉಳಿಯುವ ಅಲುಕ್ ಸಮಾಸ. ಅದೂ ಅಲ್ಲದೆ ಈ ತಂಗಿ ಶಾಲೆ ಬಿಟ್ಟೊಡನೆ ಮನೆಗೆ ಹೋಗುವವರು, ಯಾರ ಸಮೀಪದಲ್ಲೂ ವಾಸವಿಲ್ಲ. ಬಾಗಿಲ ಫಲಕವನ್ನು ಓದುವ ಏಳು ವರ್ಷದ ಕನ್ನಡದ ಮಗುವಿಗೆ ಸಂಸ್ಕೃತದ ಎರಡು ಕಗ್ಗಂಟುಗಳಲ್ಲಿ ಒಂದನ್ನು ಆರಿಸಿಕೊಳ್ಳೆನ್ನುವುದು ಯಾವ ನ್ಯಾಯ? ‘ಕಲಿಯಾಳು’ ಎನ್ನಿ, ಮುಗಿಯಿತು.

ಮೊದಲಿನವರು ಮತ್ತೆ:
ಕೂಲಿಯಾಳು, ಜೀತದಾಳುಗಳ ಸಾಲಿಗೆ ಸ್ನಾತಕೋತ್ತರ ವಿದ್ಯಾರ್ಥಿನಿಯನ್ನು ಸೇರಿಸಿದ್ದಕ್ಕೆ ಅಭಿನಂದನೆಗಳು.

ಎರಡನೆಯವರು ಮತ್ತೆ:
ಕಾಲಾಳು ಎಂಬುದೂ ಅದೇ ಸಾಲಿನಲ್ಲಿದೆ. ಹಳಗನ್ನಡದ ‘ಆಳ್’ ಯೋಧನೂ ಹೌದು. ಕನ್ನಡದ ಪ್ರತ್ಯಯ ಕಂಡೊಡನೆ ಕೂಲಿಯೇ ನೆನಪಾಗುವುದು ಭಾಷೆಯ ದೋಷವಲ್ಲ.

ಮೂರನೆಯ ಉತ್ತರ:
ಗ್ರಂಥಾಲಯಗಳಲ್ಲಿ ಕೆಲಸ ಮಾಡಿದವನಾಗಿ ಹೇಳುತ್ತೇನೆ. ಪುಸ್ತಕಗಳ ದಶಮಾಂಶ ವರ್ಗೀಕರಣವನ್ನು ರೂಪಿಸಿದ ಮೆಲ್ವಿಲ್ ಡ್ಯೂಯಿ 1887ರಲ್ಲಿ ನ್ಯೂಯಾರ್ಕಿನ ಕೊಲಂಬಿಯಾದಲ್ಲಿ ಗ್ರಂಥಾಲಯ ಶಾಲೆ ತೆರೆಯುವ ಮುನ್ನ ಅಲ್ಲಿ ಈ ವೃತ್ತಿಯನ್ನು ಹಿರಿಯರ ಕೈಕೆಳಗೆ ಕಲಿಯುವುದೇ ರೂಢಿಯಾಗಿತ್ತು. ಭಾರತದ ಗ್ರಂಥಾಲಯ ವಿಜ್ಞಾನದ ಪಿತಾಮಹರೆನಿಸಿದ ನಮ್ಮ ಎಸ್. ಆರ್. ರಂಗನಾಥನ್ ಅವರೂ 1924ರಲ್ಲಿ ಲಂಡನ್ನಿಗೆ ಹೋದಾಗ ಯೂನಿವರ್ಸಿಟಿ ಕಾಲೇಜಿನ ಪಾಠದ ಜೊತೆಗೆ ಕ್ರಾಯ್ಡನ್ನಿನ ಸಾರ್ವಜನಿಕ ಗ್ರಂಥಾಲಯದಲ್ಲಿ ಅಲ್ಲಿನ ಮುಖ್ಯ ಗ್ರಂಥಪಾಲಕ ಸೇಯರ್ಸ್ ಅವರ ಮಾರ್ಗದರ್ಶನದಲ್ಲಿ ಕೆಲಸ ಕಲಿತವರೇ. ಅಂದಮೇಲೆ ಈ ಪದದ ತಿರುಳು ವಾಸದಲ್ಲಿಲ್ಲ, ಇಚ್ಛೆಯಲ್ಲೂ ಇಲ್ಲ, ಓದು ಮುಂದುವರಿದಿರುವಾಗಲೇ ಕೆಲಸದ ಹೊಣೆ ಹೊರುವುದರಲ್ಲಿದೆ. ‘ತರಬೇತಿನಿರತ ಗ್ರಂಥಪಾಲಕಿ’ ಸರಿಹೋಗುತ್ತದೆ. ಇಲ್ಲವೇ ‘ಇಂಟರ್ನ್’ ಎಂದೇ ಬಿಡಿ: ಪುಸ್ತಕ ಜೋಡಿಸುವ ಅಲಮಾರು ಪೋರ್ಚುಗೀಸರದು, ಕೂರುವ ಕುರ್ಚಿ ಅರಬ್ಬಿಯದು, ಅವುಗಳಿಗೆ ಯಾರೂ ಪಹಣಿ ಕೇಳಿಲ್ಲ.

ಎರಡನೆಯವರು ಮತ್ತೆ:
ಅಲಮಾರು, ಕುರ್ಚಿಗಳು ಕನ್ನಡದ ಬಾಯಿಗೆ ಒಗ್ಗಿ ಸ್ವರಾಂತವಾಗಿವೆ. ‘ಇಂಟರ್ನ್’ ಇನ್ನೂ ವ್ಯಂಜನಕ್ಕೆ ಮುಗ್ಗರಿಸಿ ನಿಂತಿದೆ. ಎರವಲು ಪಡೆಯುವುದಕ್ಕೂ ಹಾಗೆಯೇ ಎತ್ತಿಡುವುದಕ್ಕೂ ಇರುವ ಅಂತರವನ್ನು ಈ ಬಳಗದಲ್ಲೂ ವಿವರಿಸಬೇಕಾಗಿ ಬಂದದ್ದು ಸೋಜಿಗ.

ಪ್ರಶ್ನೆ ಕೇಳಿದವರು:
ಎಲ್ಲರಿಗೂ ಕೃತಜ್ಞತೆಗಳು. ‘ಗ್ರಂಥಪಾಲಕಿ’ ಎಂಬುದನ್ನು ನಾನು ಬಳಸುವಂತಿಲ್ಲ. ಈ ರಾಜ್ಯದಲ್ಲಿ ಶಾಲಾ ಗ್ರಂಥಪಾಲಕರ ಹುದ್ದೆಗೆ ಸರ್ಕಾರದ ಪ್ರಮಾಣಪತ್ರ ಬೇಕು, ನನಗದು ಇನ್ನೂ ದೊರೆತಿಲ್ಲ. ‘ಕಲಿಯಾಳು’ ನನಗೆ ಹಿಡಿಸಿತಾದರೂ, ಕನ್ನಡ ಬಲ್ಲ ಪೋಷಕರು ಅದನ್ನು ಸಹಾಯಕ ನೌಕರಿಯೆಂದು ತಿಳಿಯುವ ಸಂಭವವಿದೆ. ಹೀಗಾಗಿ ‘ಗ್ರಂಥಾಲಯ ತರಬೇತಿ ವಿದ್ಯಾರ್ಥಿನಿ’ ಎಂದು ಕಳುಹಿಸುತ್ತಿದ್ದೇನೆ. ಫಲಕದ ಅಗಲ ಕಡಿಮೆಯಿರುವುದರಿಂದ ಎರಡು ಸಾಲಾಗಿ ಒಡೆಯಬೇಕು. ‘ಗ್ರಂಥಾಲಯ’ ಮೇಲೆ, ಉಳಿದೆರಡು ಕೆಳಗೆ ಬಂದರೆ ಅಡ್ಡಿಯಿಲ್ಲವೆಂದು ಭಾವಿಸಿದ್ದೇನೆ.

ಮೊದಲಿನವರು ಮತ್ತೆ:
ಅಡ್ಡಿಯಿಲ್ಲ. ಒತ್ತಕ್ಷರಗಳು ಬಿಡಿಬಿಡಿಯಾಗಿ ಮುದ್ರಣವಾಗದಂತೆ ಮಾತ್ರ ಮುದ್ರಿಸುವವರಿಗೆ ಚಿತ್ರದ ರೂಪದಲ್ಲೇ ಕಳುಹಿಸಿ.